ಹಾಸ್ಟೆಲಿನಿಂದ ಕಾರ್ಖಾನೆಗೆ: ವಿದ್ಯಾರ್ಥಿ ಉದ್ಯಮಿಗೆ ವಿದ್ಯಾಸಂಸ್ಥೆ ಏನು ಕೊಡಬಲ್ಲದು?



ಬೆಂಗಳೂರಿನ ಯಾವುದೇ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಲ್ಲುವ ವಿದ್ಯುತ್ ಸ್ಕೂಟರೊಂದು ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ‘ಏಥರ್’ ಎಂಬ ಹೆಸರಿದ್ದರೆ ಸ್ವಲ್ಪ ಗಮನಿಸಿ ನೋಡಿ. ಆ ಸ್ಕೂಟರು ಬೆಳೆದದ್ದು ಬೆಂಗಳೂರಿನಲ್ಲಿ, ಈಗ ತಯಾರಾಗುವುದು ಹೊಸೂರಿನಲ್ಲಿ. ಆದರೆ ಅದು ಹುಟ್ಟಿದ್ದು ಚೆನ್ನೈನ ಒಂದು ವಿದ್ಯಾಸಂಸ್ಥೆಯ ಆವರಣದಲ್ಲಿ. ಅಲ್ಲೇ ಓದಿ, ಕೆಲಸಕ್ಕೆ ಸೇರಿ, ವರ್ಷ ಕಳೆಯುವುದರೊಳಗೆ ಕೆಲಸ ಬಿಟ್ಟು ಮತ್ತೆ ಅದೇ ಆವರಣಕ್ಕೆ ಮರಳಿದ ಇಬ್ಬರು ಗೆಳೆಯರು 2013ರಲ್ಲಿ ಆ ಕಂಪನಿಯನ್ನು ಆರಂಭಿಸಿದರು.

ಕೆಲಸ ಬಿಟ್ಟವರು ಬ್ಯಾಂಕಿಗೆ ಹೋಗಲಿಲ್ಲ, ಕೈಗಾರಿಕಾ ವಸಾಹತಿನಲ್ಲಿ ಶೆಡ್ಡು ಹುಡುಕಲಿಲ್ಲ. ತಾವು ಓದಿದ ಜಾಗಕ್ಕೇ ಏಕೆ ಹಿಂದಿರುಗಿದರು? ಇಂದಿನ ಲೇಖನದ ವಿಷಯ ಈ ಪ್ರಶ್ನೆಯೇ. ಉದ್ಯಮಶೀಲತೆ ಎಂದೊಡನೆ ನಮಗೆ ಮೊದಲು ನೆನಪಾಗುವುದು ಬಂಡವಾಳ. ‘ದುಡ್ಡಿದ್ದರೆ ನಾನೂ ಏನಾದರೂ ಮಾಡುತ್ತಿದ್ದೆ ಸಾರ್’ ಎಂದು ಅನೇಕ ವಿದ್ಯಾರ್ಥಿಗಳು ನನ್ನೊಡನೆ ಹೇಳಿದ್ದುಂಟು. ವಿದ್ಯಾಸಂಸ್ಥೆಯೊಂದು ವಿದ್ಯಾರ್ಥಿಗೆ ಕೊಡುವ ದುಡ್ಡು ನಿಜಕ್ಕೂ ಬಹಳ ಸಣ್ಣದು. ಅದು ಕೊಡುವ ದೊಡ್ಡ ವಸ್ತು ಬೇರೆಯೇ ಇದೆ. ಹೊರಗೆ ಲಕ್ಷಗಟ್ಟಲೆ ಬೆಲೆ ತೆತ್ತು ಮಾಡಬೇಕಾದ ತಪ್ಪುಗಳನ್ನು ಅಲ್ಲಿ ಕಡಿಮೆ ಬೆಲೆಗೆ ಮಾಡಬಹುದು. ಇದು ವಿಚಿತ್ರವಾಗಿ ಕೇಳಿಸಬಹುದು. ಆದ್ದರಿಂದ ಆ ಚೆನ್ನೈ ಸಂಸ್ಥೆಯನ್ನೇ, ಅಂದರೆ ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯನ್ನೇ, ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಜಿಂಕೆಗಳ ನಡುವೆ ಒಂದು ಕಾರ್ಯಾಗಾರ

ಮದ್ರಾಸ್ ಐಐಟಿ ಪ್ರಾರಂಭವಾದದ್ದು 1959ರಲ್ಲಿ, ಅಂದಿನ ಪಶ್ಚಿಮ ಜರ್ಮನಿಯ ನೆರವಿನಿಂದ. ಗಿಂಡಿಯ ಕಾಡಿಗೆ ಅಂಟಿಕೊಂಡೇ ಇರುವ ಆವರಣ. ತರಗತಿಗೆ ಹೋಗುವ ದಾರಿಯಲ್ಲಿ ಇಂದಿಗೂ ಚುಕ್ಕೆ ಜಿಂಕೆಗಳು, ಕೃಷ್ಣಮೃಗಗಳು ಕಾಣಸಿಗುತ್ತವೆ. ಹಾಸ್ಟೆಲುಗಳಿಗೆಲ್ಲ ನದಿಗಳ ಹೆಸರು. ಕನ್ನಡ ನಾಡಿನಿಂದ ಹೋದ ಹುಡುಗ ಹುಡುಗಿಯರಿಗೆ ಕಾವೇರಿ, ತುಂಗಾ, ಭದ್ರಾ, ಶರಾವತಿ ಎಂಬ ಫಲಕಗಳನ್ನು ಕಂಡು ಮೊದಲ ದಿನವೇ ಸ್ವಲ್ಪ ಧೈರ್ಯ ಬಂದೀತು.

ಈ ಆವರಣದಲ್ಲಿ 2008ರಲ್ಲಿ ‘ಸೆಂಟರ್ ಫಾರ್ ಇನ್ನೋವೇಶನ್’ ಎಂಬ ಕೇಂದ್ರ ಆರಂಭವಾಯಿತು. 1981ರಲ್ಲಿ ಪದವಿ ಪಡೆದು ಹೋದ ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣದಿಂದ ಕಟ್ಟಿದ ಕೇಂದ್ರವಿದು. ಪ್ರಯೋಗಾಲಯ ಎಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರವೇ ಬೇರೆ: ಬೀಗ ಹಾಕಿದ ಬೀರು, ಸಹಿ ಮಾಡಿಸಬೇಕಾದ ಪುಸ್ತಕ, ಐದು ಗಂಟೆಗೆ ಬಾಗಿಲು ಹಾಕುವ ಸಹಾಯಕ. ಇಲ್ಲಿ ಹಾಗಲ್ಲ. ಕೇಂದ್ರವನ್ನು ನಡೆಸುವವರು ವಿದ್ಯಾರ್ಥಿಗಳೇ. ರಾತ್ರಿಯೂ ದೀಪ ಉರಿಯುತ್ತಿರುತ್ತದೆ. ರೋಬೋಟು, ವಿದ್ಯುನ್ಮಾನ, ವಿಮಾನ ಮಾದರಿ ಹೀಗೆ ನಾನಾ ಕ್ಲಬ್ಬುಗಳಿವೆ. ರೇಸಿಂಗ್ ಕಾರು ಕಟ್ಟುವ ತಂಡವಿದೆ, ಸೌರಶಕ್ತಿಯ ಕಾರು ಕಟ್ಟುವ ತಂಡವಿದೆ. ನಿರ್ವಾತ ಕೊಳವೆಯೊಳಗೆ ಅತಿವೇಗದಲ್ಲಿ ಸಾಗುವ ‘ಹೈಪರ್‌ಲೂಪ್’ ವಾಹನದ ಮೇಲೆ ದುಡಿಯುವ ‘ಆವಿಷ್ಕಾರ್’ ಎಂಬ ತಂಡ 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಂತಾರಾಷ್ಟ್ರೀಯ ಸ್ಪರ್ಧೆಯ ಅಂತಿಮ ಸುತ್ತಿನವರೆಗೆ ಹೋಗಿ ಬಂದಿತು.

ಇವೆಲ್ಲ ಉದ್ಯಮಗಳೇ? ಅಲ್ಲ. ರೇಸಿಂಗ್ ಕಾರಿಗೆ ಗಿರಾಕಿ ಇಲ್ಲ. ಆದರೆ ಇಂಥ ತಂಡದಲ್ಲಿ ಎರಡು ವರ್ಷ ಕಳೆದ ಹುಡುಗಿಗೆ ಅಥವಾ ಹುಡುಗನಿಗೆ ಪಠ್ಯಪುಸ್ತಕ ಕಲಿಸದ ಕೆಲವು ಸಂಗತಿಗಳು ತಿಳಿದಿರುತ್ತವೆ. ಚಿತ್ರದಲ್ಲಿ ಸರಿಯಾಗಿ ಕೂರುವ ಭಾಗ ಲೇತಿನಿಂದ ಬಂದ ಮೇಲೆ ಕೂರದಿರಬಹುದು. ಬಿಡಿಭಾಗ ಕಳಿಸುತ್ತೇನೆಂದ ಅಂಗಡಿಯವನು ಮೂರು ವಾರ ತಡಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎರಡು ಗಂಟೆಗೆ ಯಂತ್ರ ಕೆಟ್ಟಾಗ ಯಾರು ಉಳಿಯುತ್ತಾರೆ, ಯಾರು ‘ನಾಳೆ ಪರೀಕ್ಷೆ ಇದೆ’ ಎಂದು ಜಾಗ ಖಾಲಿ ಮಾಡುತ್ತಾರೆ ಎಂಬುದು ಗೊತ್ತಾಗುತ್ತದೆ. ಮುಂದೆ ಕಂಪನಿ ಕಟ್ಟುವಾಗ ಪಾಲುದಾರರನ್ನು ಆರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಹೊರಗಿನ ಪ್ರಪಂಚದಲ್ಲಿ ಪಾಲುದಾರನ ಗುಣ ತಿಳಿಯುವ ಹೊತ್ತಿಗೆ ಮನೆ ಅಡವಿಟ್ಟಿರುತ್ತೇವೆ.

ದೂರವಾಣಿಯ ಕಾಲದಿಂದ

ಈ ಪರಿಪಾಠ ಇದ್ದಕ್ಕಿದ್ದಂತೆ 2008ರಲ್ಲಿ ಹುಟ್ಟಿದ್ದಲ್ಲ. ಮನೆಗೆ ದೂರವಾಣಿ ಬೇಕೆಂದು ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ 1990ರ ದಶಕವನ್ನು ನಿಮ್ಮ ತಂದೆತಾಯಿಗಳು ಹೇಳಿಯಾರು. ಆ ಕಾಲದಲ್ಲಿ ಇದೇ ಸಂಸ್ಥೆಯ ಪ್ರಾಧ್ಯಾಪಕ ಅಶೋಕ್ ಝುಂಝುನ್‌ವಾಲಾ ಮತ್ತು ಅವರ ಸಹೋದ್ಯೋಗಿಗಳು ‘ಟೆನೆಟ್’ ಎಂಬ ಗುಂಪು ಕಟ್ಟಿದರು. ಬೀದಿ ಅಗೆದು ತಾಮ್ರದ ತಂತಿ ಎಳೆಯುವ ಖರ್ಚನ್ನು ತಪ್ಪಿಸಿ, ನಿಸ್ತಂತುವಾಗಿ ಮನೆಗೆ ದೂರವಾಣಿಯನ್ನೂ ಅಂತರ್ಜಾಲವನ್ನೂ ಒಟ್ಟಿಗೇ ತಲುಪಿಸುವ ‘ಕಾರ್‌ಡೆಕ್ಟ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ಅಂತರ್ಜಾಲದ ವೇಗ ಸೆಕೆಂಡಿಗೆ 35 ಅಥವಾ 70 ಕಿಲೋಬಿಟ್. ಇಂದು ನಗು ಬರಬಹುದು. ಅಂದು ಅದು ಹಳ್ಳಿಗೆ ಬಂದ ಭಾಗ್ಯ. ಇದನ್ನು ತಯಾರಿಸಿದ ‘ಮೈದಾಸ್’ ಕಂಪನಿಯನ್ನು ಕಟ್ಟಿದವರು ಇದೇ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು.

ಮುಂದೆ ಮೊಬೈಲು ದೂರವಾಣಿ ಅಗ್ಗವಾಯಿತು, ಕಾರ್‌ಡೆಕ್ಟ್ ಹಿಂದೆ ಬಿತ್ತು. ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವಾಯಿತೇ? ನನಗೆ ಹಾಗೆನ್ನಿಸುವುದಿಲ್ಲ. ಮೇಷ್ಟರೂ ವಿದ್ಯಾರ್ಥಿಯೂ ಕೂಡಿ ಕಂಪನಿ ಕಟ್ಟಬಹುದು, ಅದು ಮರ್ಯಾದೆಗೆ ಕುಂದಲ್ಲ ಎಂಬ ಮಾತು ಆ ಆವರಣದಲ್ಲಿ ನೆಲೆಯೂರಿದ್ದು ಆಗ. ಅದೇ ಪ್ರಾಧ್ಯಾಪಕರ ಮುಂದಾಳುತನದಲ್ಲಿ 2010ರಲ್ಲಿ ಆವರಣದ ಪಕ್ಕದಲ್ಲೇ ಸಂಶೋಧನಾ ಉದ್ಯಾನವೊಂದು ತೆರೆಯಿತು. ವಿದ್ಯಾಸಂಸ್ಥೆಯೊಂದಕ್ಕೆ ಸೇರಿದ ಇಂಥ ಉದ್ಯಾನ ದೇಶದಲ್ಲಿ ಅದೇ ಮೊದಲು. ಅಲ್ಲಿ ಜಾಗ ಪಡೆದ ಕಂಪನಿಗೆ ಬಾಡಿಗೆ ಕಟ್ಟಿದರಷ್ಟೇ ಸಾಲದು. ಅಧ್ಯಾಪಕರೊಡನೆ ಸಂಶೋಧನೆ ನಡೆಸಿ, ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟು ಅಂಕಗಳನ್ನು ಗಳಿಸಬೇಕು! ಪರೀಕ್ಷೆಯಲ್ಲಿ ನಾವು ಅಂಕ ಗಳಿಸುವಂತೆಯೇ. ಹೀಗಾಗಿ ತರಗತಿ ಮುಗಿಸಿದ ವಿದ್ಯಾರ್ಥಿ ರಸ್ತೆ ದಾಟಿದರೆ ನಿಜವಾದ ಕಂಪನಿಯೊಳಗೆ ಇರುತ್ತಾನೆ.

2013ರಲ್ಲಿ ಇದಕ್ಕೆ ‘ಇನ್‌ಕ್ಯುಬೇಶನ್ ಸೆಲ್’ ಎಂಬ ಘಟಕ ಸೇರಿತು. ಇನ್‌ಕ್ಯುಬೇಟರ್ ಎಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ. ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ಇಡುವ ಗಾಜಿನ ಪೆಟ್ಟಿಗೆಗೂ ಅದೇ ಹೆಸರು. ಎಳೆಯ ಕಂಪನಿಗೆ ಜಾಗ, ಯಂತ್ರ, ಲೆಕ್ಕಪತ್ರ ಮತ್ತು ಕಾನೂನಿನ ಸಲಹೆ, ಅನುಭವಿಗಳ ಮಾರ್ಗದರ್ಶನ, ಮೊದಲ ಸಣ್ಣ ಹಣ ಇವನ್ನು ಒದಗಿಸುವುದು ಅದರ ಕೆಲಸ. ಕಂಪನಿ ಎನ್ನುವಷ್ಟೂ ಬೆಳೆಯದ, ಇನ್ನೂ ಓದುತ್ತಿರುವ ವಿದ್ಯಾರ್ಥಿಗಳ ತಂಡಗಳಿಗೆ ‘ನಿರ್ಮಾಣ್’ ಎಂಬ ಬೇರೆ ಮೆಟ್ಟಿಲಿದೆ. 2024–25ರ ಒಂದೇ ಆರ್ಥಿಕ ವರ್ಷದಲ್ಲಿ 104 ಹೊಸ ಕಂಪನಿಗಳಿಗೆ ಈ ಸಂಸ್ಥೆ ಆಸರೆ ಕೊಟ್ಟಿತು. ಆದರೆ ಅಂಕಿ ನೋಡಿ ಬೆರಗಾಗುವ ಮೊದಲು ಒಂದು ಮಾತು: ಇವೆಲ್ಲ ವಿದ್ಯಾರ್ಥಿಗಳ ಕಂಪನಿಗಳಲ್ಲ. ಅಧ್ಯಾಪಕರು ಕಟ್ಟಿದವು, ಹೊರಗಿನಿಂದ ಬಂದವರು ಕಟ್ಟಿದವು ಇದರಲ್ಲಿ ಸೇರಿವೆ.

ತಲೆಕೆಳಗಾದ ಕೊಡೆ

ಈಗ ಒಂದು ಪ್ರಾಜೆಕ್ಟಿನ ಕಥೆ. ಕೊನೆಯ ವರ್ಷದ ಪ್ರಾಜೆಕ್ಟು ಎಂದರೆ ನಮ್ಮಲ್ಲಿ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಹಿಂದಿನ ವರ್ಷದ ವರದಿಗೆ ಹೊಸ ರಟ್ಟು, ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಮಾದರಿ. ದಿವಾಂಶು ಕುಮಾರ್ ಎಂಬ ಸ್ನಾತಕೋತ್ತರ ವಿದ್ಯಾರ್ಥಿ ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕ ಪ್ರಭು ರಾಜಗೋಪಾಲ್ ಅವರ ಮಾರ್ಗದರ್ಶನದಲ್ಲಿ ಆರಿಸಿಕೊಂಡದ್ದು ಬೇರೆಯೇ ವಿಷಯ. ಮಲದ ಗುಂಡಿಗೆ ಮನುಷ್ಯ ಇಳಿಯದಂತೆ ಮಾಡುವುದು ಹೇಗೆ?

ಮಲಹೊರುವ ಪದ್ಧತಿಯನ್ನು ನಿಷೇಧಿಸಿ ನಮ್ಮ ದೇಶದಲ್ಲಿ 1993ರಲ್ಲೇ ಕಾನೂನು ಬಂತು. 2013ರಲ್ಲಿ ಇನ್ನಷ್ಟು ಬಿಗಿಯಾದ ಕಾನೂನು ಬಂತು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಇಷ್ಟಾದರೂ ವಿಷಾನಿಲ ಕುಡಿದು ಸಾಯುವವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇದೆ. ಏಕೆ? ಹೀರುವ ಪಂಪುಗಳಿವೆಯಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದು ಗುಂಡಿಯ ತಳದಲ್ಲಿ. ಅಲ್ಲಿ ವರ್ಷಗಟ್ಟಲೆ ಕೂತ ಕೆಸರು ಗಟ್ಟಿಯಾಗಿ ಪಂಪಿಗೆ ಏರುವುದಿಲ್ಲ. ಅದನ್ನು ಕಲಕಲು ಒಬ್ಬ ಮನುಷ್ಯನನ್ನು ಇಳಿಸುತ್ತಾರೆ.

ಹಾಗಾದರೆ ಯಂತ್ರವೇ ಕಲಕಬೇಕು. ಆದರೆ ಗುಂಡಿಯ ಬಾಯಿ ಚಿಕ್ಕದು, ಒಳಗಿನ ಜಾಗ ದೊಡ್ಡದು. ಚಿಕ್ಕ ಬಾಯಿಯಲ್ಲಿ ತೂರುವ ಅಲಗು ಒಳಗೆ ಸಾಲದು. ಒಳಗೆ ಸಾಲುವ ಅಲಗು ಬಾಯಿಯಲ್ಲಿ ತೂರದು. ಇದಕ್ಕೆ ಆ ತಂಡ ಕಂಡುಕೊಂಡ ಉತ್ತರ ತಲೆಕೆಳಗಾದ ಕೊಡೆಯಂತಿದೆ. ಮಡಚಿದ ಅಲಗುಗಳು ದಂಡದ ಜೊತೆ ಇಳಿಯುತ್ತವೆ, ಒಳಗೆ ಹೋದ ಮೇಲೆ ಬಿಚ್ಚಿಕೊಂಡು ತಿರುಗಿ ಗಟ್ಟಿ ಕೆಸರನ್ನು ಕಡೆದು ತೆಳುವಾಗಿಸುತ್ತವೆ. ಅದನ್ನು ಅದೇ ಯಂತ್ರ ಮೇಲಕ್ಕೆ ಹೀರಿಕೊಳ್ಳುತ್ತದೆ. ಹೆಸರು ‘ಹೋಮೋಸೆಪ್’. ಈ ಮಾದರಿ 2019ರಲ್ಲಿ ‘ಕಾರ್ಬನ್ ಜೀರೋ ಚಾಲೆಂಜ್’ ಎಂಬ ಸ್ಪರ್ಧೆಯಲ್ಲಿ ಜನರ ಕಣ್ಣಿಗೆ ಬಿತ್ತು. ‘ಸೋಲಿನಾಸ್’ ಎಂಬ ಕಂಪನಿ ಅದನ್ನು ಮುಂದಕ್ಕೆ ಒಯ್ದಿತು. 2022ರಲ್ಲಿ ತಮಿಳುನಾಡಿನಲ್ಲಿ, ಸಫಾಯಿ ಕರ್ಮಚಾರಿ ಆಂದೋಲನದ ನೆರವಿನಿಂದ, ಮೊದಲ ಯಂತ್ರಗಳು ಸ್ವಸಹಾಯ ಗುಂಪುಗಳ ಕೈಸೇರಿದವು. ಆ ಗುಂಪುಗಳ ಮುಂದಾಳುಗಳು ಇಂಥದೇ ಕೆಲಸದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು.

ಇಲ್ಲಿ ಉದ್ಯಮದ ಪಾಠವೂ ಒಂದಿದೆ. ಈ ಯಂತ್ರ ಯಾರಿಗೆ ಅತ್ಯಂತ ಅಗತ್ಯವೋ ಅವರ ಬಳಿ ಕೊಳ್ಳುವ ಹಣವಿಲ್ಲ. ಹಣವಿರುವುದು ನಗರಸಭೆಗಳ ಬಳಿ, ಅಥವಾ ಸಮಾಜಸೇವೆಗೆ ಲಾಭದ ಒಂದಂಶ ತೆಗೆದಿಡಬೇಕಾದ ದೊಡ್ಡ ಕಂಪನಿಗಳ ಬಳಿ. ಬಳಸುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಶಾಲೆಯ ಮಕ್ಕಳ ಚೀಲ, ಆಸ್ಪತ್ರೆಯ ಉಪಕರಣ, ರೈತನ ಬೆಳೆವಿಮೆ ಇವೆಲ್ಲವೂ ಹೀಗೆಯೇ. ಇಬ್ಬರನ್ನೂ ಮಾತನಾಡಿಸದೆ ಯಂತ್ರ ಕಟ್ಟಿದವರು ಕೊನೆಗೆ ಅದನ್ನು ವಸ್ತುಪ್ರದರ್ಶನದಲ್ಲಿ ಇಡಬೇಕಾಗುತ್ತದೆ. ಸೋಲಿನಾಸ್ ಕೂಡ ಮುಂದೆ ನೀರಿನ ಮತ್ತು ಒಳಚರಂಡಿಯ ಕೊಳವೆಗಳೊಳಗೆ ಹೋಗಿ ತಪಾಸಣೆ ಮಾಡುವ ರೋಬೋಟುಗಳತ್ತ ತಿರುಗಿತು. ಅವಕ್ಕೆ ಗಿರಾಕಿಗಳು ನಗರಾಡಳಿತಗಳು.

ಹುಬ್ಬಳ್ಳಿಯವರೊಬ್ಬರ ಹಣ

ಗಿರಾಕಿಯನ್ನು ಹುಡುಕುವುದೂ ಕಲಿಸಬಹುದಾದ ವಿದ್ಯೆಯೇ? ಹೌದು ಎನ್ನುವವರಲ್ಲಿ ಒಬ್ಬರು ನಮ್ಮ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ. 1973ರಲ್ಲಿ ಮದ್ರಾಸ್ ಐಐಟಿಯಿಂದ ಪದವಿ ಪಡೆದು ಹೊರದೇಶಕ್ಕೆ ಹೋದವರು. ದೂರಸಂಪರ್ಕದ ಉಪಕರಣ ತಯಾರಿಸುವ ಕಂಪನಿಗಳನ್ನು ಅಮೆರಿಕದಲ್ಲಿ ಕಟ್ಟಿ ದೊಡ್ಡ ಹೆಸರು ಮಾಡಿದರು. ಅಲ್ಲಿನ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 2002ರಲ್ಲಿ ಅವರೂ ಅವರ ಪತ್ನಿ ಜಯಶ್ರೀ ಅವರೂ ಕೊಟ್ಟ ದಾನದಿಂದ ತಂತ್ರಜ್ಞಾನ ನಾವೀನ್ಯ ಕೇಂದ್ರವೊಂದು ತೆರೆಯಿತು. ಅದೇ ಮಾದರಿಯ ಕೇಂದ್ರ 2017ರಲ್ಲಿ ಮದ್ರಾಸ್ ಐಐಟಿಯಲ್ಲೂ ಆರಂಭವಾಯಿತು. ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರೂ ಅಲ್ಲಿನ ಹಳೆಯ ವಿದ್ಯಾರ್ಥಿಯೂ ಆದ ಕ್ರಿಸ್ ಗೋಪಾಲಕೃಷ್ಣನ್ ಅವರ ಹೆಸರೂ ಕೂಡಿ ಅದು ಗೋಪಾಲಕೃಷ್ಣನ್–ದೇಶಪಾಂಡೆ ಕೇಂದ್ರ.

ಅಲ್ಲಿ ನಡೆಯುವ ಮುಖ್ಯ ತರಬೇತಿ ಕೇಳಲು ಬಹಳ ಸರಳ. ತಂಡಗಳನ್ನು ಪ್ರಯೋಗಾಲಯದಿಂದ ಹೊರಗೆ ಕಳಿಸುತ್ತಾರೆ. ಕೆಲವು ವಾರಗಳ ಕಾಲ ಹತ್ತಾರು ಜನ ಸಂಭಾವ್ಯ ಗಿರಾಕಿಗಳನ್ನು ಕಂಡು ಮಾತನಾಡಿಸಿ ಬರಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಆರಂಭಿಸಿದ ‘ಐ–ಕೋರ್’ ಎಂಬ ಕ್ರಮವನ್ನು ಇದು ಅನುಸರಿಸುತ್ತದೆ. ನಿಯಮ ಒಂದೇ: ನಿಮ್ಮ ಯಂತ್ರವನ್ನು ಹೊಗಳಿಕೊಳ್ಳಬಾರದು. ‘ಇದನ್ನು ಕೊಳ್ಳುತ್ತೀರಾ?’ ಎಂದು ಕೇಳಿದರೆ ನಮ್ಮ ಜನ ಮುಖ ನೋಡಿ ‘ಆಗಲಿ, ಚೆನ್ನಾಗಿದೆ’ ಎಂದುಬಿಡುತ್ತಾರೆ. ‘ಈಗ ಈ ಕೆಲಸವನ್ನು ಹೇಗೆ ಮಾಡುತ್ತಿದ್ದೀರಿ? ಕಳೆದ ಸಲ ತೊಂದರೆ ಬಂದಾಗ ಏನು ಮಾಡಿದಿರಿ? ಎಷ್ಟು ಖರ್ಚಾಯಿತು?’ ಎಂದು ಕೇಳಬೇಕು. ಆಗ ನಿಜ ಹೊರಬೀಳುತ್ತದೆ. ಎಷ್ಟೋ ತಂಡಗಳು ತಮ್ಮ ಯಂತ್ರ ಯಾರಿಗೂ ಬೇಕಿಲ್ಲವೆಂದು ತಿಳಿದು ಪೆಚ್ಚಾಗಿ ಹಿಂದಿರುಗುತ್ತವೆ. ಅದೂ ಲಾಭವೇ, ಕಾರ್ಖಾನೆ ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯಿತಲ್ಲ.

ನನ್ನ ಒಂದು ಸಣ್ಣ ತಕರಾರನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂದು ಪ್ರತಿ ಕಾಲೇಜಿನಲ್ಲೂ ಉದ್ಯಮಶೀಲತಾ ಉತ್ಸವ, ‘ಐಡಿಯಾ’ ಸ್ಪರ್ಧೆ, ಆಳೆತ್ತರದ ರಟ್ಟಿನ ಚೆಕ್ಕು. ಮದ್ರಾಸ್ ಐಐಟಿಯಲ್ಲೂ ವಿದ್ಯಾರ್ಥಿಗಳೇ ನಡೆಸುವ ‘ಇ–ಸೆಲ್’ ಇದೆ, ವಾರ್ಷಿಕ ಸಮ್ಮೇಳನ ನಡೆಯುತ್ತದೆ. ಅದು ತಪ್ಪಲ್ಲ, ಅಲ್ಲಿ ಸಿಗುವ ಪರಿಚಯಗಳು ಮುಂದೆ ಉಪಯೋಗಕ್ಕೆ ಬರುತ್ತವೆ. ಆದರೆ ಹತ್ತು ನಿಮಿಷದ ಭಾಷಣಕ್ಕೆ ಬಹುಮಾನ ಗೆದ್ದು, ಮತ್ತೊಂದು ಕಾಲೇಜಿಗೆ ಅದೇ ಭಾಷಣ ಹೊತ್ತೊಯ್ಯುವ ಸ್ಪರ್ಧಾಶೂರರನ್ನೂ ನಾನು ಕಂಡಿದ್ದೇನೆ. ಮೂರು ವರ್ಷವಾದರೂ ಒಬ್ಬ ಗಿರಾಕಿಯ ಮುಖವನ್ನು ಅವರು ನೋಡಿರುವುದಿಲ್ಲ.

ಐದು ವರ್ಷದ ಸ್ಕೂಟರು

ಏಥರ್‌ಗೆ ಮರಳೋಣ. ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಇಂಜಿನಿಯರಿಂಗ್ ಡಿಸೈನ್ ವಿಭಾಗದಲ್ಲಿ ಓದಿದವರು. ಅವರು ಮೊದಲು ಯೋಚಿಸಿದ್ದು ಸ್ಕೂಟರನ್ನಲ್ಲ, ಬ್ಯಾಟರಿಯನ್ನು. ಆಗ ಮಾರುಕಟ್ಟೆಯಲ್ಲಿದ್ದ ವಿದ್ಯುತ್ ಸ್ಕೂಟರುಗಳಲ್ಲಿ ಭಾರವಾದ ಸೀಸ–ಆಮ್ಲದ ಬ್ಯಾಟರಿ ಇರುತ್ತಿತ್ತು. ಅದರ ಬದಲಿಗೆ ಲಿಥಿಯಂ ಅಯಾನ್ ಬ್ಯಾಟರಿಯ ಪೆಟ್ಟಿಗೆ ಮಾಡಿ ಮಾರೋಣ ಎಂಬುದು ಲೆಕ್ಕಾಚಾರ. ಕೆಲಸಕ್ಕೆ ಇಳಿದಾಗ ತಿಳಿದದ್ದೇನೆಂದರೆ, ಆ ಸ್ಕೂಟರುಗಳ ಮೂಲವೇ ಸಾಲದು. ಮಂದಗತಿಯ ಗಾಡಿಗೆ ಒಳ್ಳೆಯ ಬ್ಯಾಟರಿ ಹಾಕಿದರೂ ಅದು ಮಂದಗತಿಯ ಗಾಡಿಯೇ. ಹೀಗೆ ಇಡೀ ಸ್ಕೂಟರನ್ನೇ ಹೊಸದಾಗಿ ರೂಪಿಸುವ ನಿರ್ಧಾರಕ್ಕೆ ಬಂದರು. ಗಮನಿಸಿ, ಮೊದಲ ಲೆಕ್ಕ ತಪ್ಪಿತ್ತು. ಆದರೆ ಆ ತಪ್ಪು ಸಂಸ್ಥೆಯ ಆವರಣದಲ್ಲಿ, ಸಣ್ಣ ಅನುದಾನದ ಮೇಲೆ, ತಿಳಿದ ಮೇಷ್ಟರ ಕಣ್ಣೆದುರು ಆಯಿತು.

ಮೊದಲ ಹಣ ಸರ್ಕಾರದ ತಂತ್ರಜ್ಞಾನ ನಿಧಿಯಿಂದ, ಹಳೆಯ ವಿದ್ಯಾರ್ಥಿಯೊಬ್ಬರಿಂದ ಬಂತು. 2014ರಲ್ಲಿ ಫ್ಲಿಪ್‌ಕಾರ್ಟ್ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಹಣ ಹೂಡಿದರು. ಕಂಪನಿ ಬೆಂಗಳೂರಿಗೆ ಬಂತು. 2016ರ ಫೆಬ್ರವರಿಯಲ್ಲಿ ಗಾಡಿಯನ್ನು ಜನರೆದುರು ತೋರಿಸಿದರು. ಅದೇ ವರ್ಷ ಹೀರೋ ಮೋಟೋಕಾರ್ಪ್ ದೊಡ್ಡ ಮೊತ್ತ ತೊಡಗಿಸಿತು. ಆದರೆ ಗಿರಾಕಿಯ ಕೈಗೆ ಮೊದಲ ಸ್ಕೂಟರು ಸಿಕ್ಕಿದ್ದು 2018ರಲ್ಲಿ, ಬೆಂಗಳೂರಿನಲ್ಲಿ. ಅಂದರೆ ಐದು ವರ್ಷ. 2025ರ ಮೇ ತಿಂಗಳಲ್ಲಿ ಕಂಪನಿಯ ಷೇರುಗಳು ಪೇಟೆಯಲ್ಲಿ ನೋಂದಾಯಿತವಾದವು. ಅಲ್ಲಿಯವರೆಗೂ ಕಂಪನಿ ಲಾಭ ಕಂಡಿರಲಿಲ್ಲ. 2024ರ ಮಾರ್ಚಿಗೆ ಮುಗಿದ ವರ್ಷದಲ್ಲಿ ನಷ್ಟವೇ ಸಾವಿರ ಕೋಟಿ ರೂಪಾಯಿ ಮೀರಿತ್ತು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ‘ಇಪ್ಪತ್ತಮೂರಕ್ಕೆ ಕಂಪನಿ, ಇಪ್ಪತ್ತೈದಕ್ಕೆ ಕೋಟ್ಯಧಿಪತಿ’ ಎಂಬ ಪತ್ರಿಕಾ ಶೀರ್ಷಿಕೆಗಳ ಹಿಂದೆ ಎಷ್ಟು ವರ್ಷಗಳ ನಷ್ಟವನ್ನು ಯಾರ ಹಣದಿಂದ ತುಂಬಲಾಗಿದೆ ಎಂದು ಕೇಳುವ ಅಭ್ಯಾಸವಿರಲಿ. ಬಾಗಿಲು ಹಾಕಿದ ಕಂಪನಿಗಳ ಬಗ್ಗೆಯಂತೂ ಯಾರೂ ಶೀರ್ಷಿಕೆ ಬರೆಯುವುದಿಲ್ಲ.

ಕಾಯುವಿಕೆಯ ಇನ್ನೊಂದು ಉದಾಹರಣೆ ‘ಅಗ್ನಿಕುಲ್’. 2017ರಲ್ಲಿ ಆರಂಭವಾದ ಈ ರಾಕೆಟ್ ಕಂಪನಿ ಇದೇ ಸಂಸ್ಥೆಯ ದಹನ ಸಂಶೋಧನಾ ಕೇಂದ್ರದ ಆಸರೆಯಲ್ಲಿ ಬೆಳೆಯಿತು. ಇಡೀ ಇಂಜಿನನ್ನು ಒಂದೇ ತುಂಡಾಗಿ ಮೂರು ಆಯಾಮದ ಮುದ್ರಣದಿಂದ ತೆಗೆಯುವುದು ಅದರ ಹೆಚ್ಚುಗಾರಿಕೆ. ನಾಲ್ಕು ಬಾರಿ ಮುಂದೂಡಿದ ಮೇಲೆ 2024ರ ಮೇ 30ರಂದು ಶ್ರೀಹರಿಕೋಟಾದಿಂದ ಅದರ ಪರೀಕ್ಷಾ ರಾಕೆಟ್ಟು ಮೇಲೇರಿತು. ರಾಕೆಟ್ ಇಂಜಿನನ್ನು ಉರಿಸಿ ಪರೀಕ್ಷಿಸುವ ಜಾಗ ಯಾವ ಇಪ್ಪತ್ತೈದು ವರ್ಷದ ತರುಣನ ಮನೆಯ ಹಿತ್ತಿಲಲ್ಲಿದ್ದೀತು?

ಕಾಗದಪತ್ರದ ಮಾತು

ಇನ್ನು ಸ್ವಲ್ಪ ಬೇಸರದ, ಆದರೆ ಜಗಳ ತಪ್ಪಿಸುವ ಸಂಗತಿಗಳು. ಕಾಲೇಜಿನ ಯಂತ್ರ ಬಳಸಿ ನೀವು ಏನನ್ನಾದರೂ ಕಂಡುಹಿಡಿದರೆ ಅದರ ಒಡೆಯರು ಯಾರು? ಕೇಂದ್ರ ಶಿಕ್ಷಣ ಸಚಿವಾಲಯ 2019ರಲ್ಲಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸಂಬಂಧಿಸಿದ ರಾಷ್ಟ್ರೀಯ ನಾವೀನ್ಯ ಮತ್ತು ನವೋದ್ಯಮ ನೀತಿಯನ್ನು ಪ್ರಕಟಿಸಿತು. ಸಂಸ್ಥೆಯ ಸೌಲಭ್ಯ ಮತ್ತು ಹಣವನ್ನು ಗಣನೀಯವಾಗಿ ಬಳಸಿದ್ದರೆ, ಅಥವಾ ಅದು ಪಠ್ಯಕ್ರಮದ ಭಾಗವಾಗಿದ್ದರೆ, ಹಕ್ಕು ನಿಮ್ಮದೂ ಸಂಸ್ಥೆಯದೂ ಜಂಟಿಯಾಗಿ. ಅವನ್ನು ಬಳಸದೆ, ಬಿಡುವಿನ ವೇಳೆಯಲ್ಲಿ ನೀವೇ ಮಾಡಿದ್ದರೆ ಹಕ್ಕು ನಿಮ್ಮದು ಎಂದು ಅದು ಹೇಳುತ್ತದೆ. ಸೌಲಭ್ಯಗಳಿಗೆ ಬದಲಾಗಿ ಸಂಸ್ಥೆ ನಿಮ್ಮ ಕಂಪನಿಯಲ್ಲಿ ಶೇಕಡಾ 2ರಿಂದ 9.5ರಷ್ಟು ಪಾಲು ಪಡೆಯಬಹುದು. ಉದ್ಯಮಕ್ಕಾಗಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಓದಿಗೆ ಬಿಡುವು ಕೊಡಲು, ಪ್ರಾಜೆಕ್ಟಿನ ಬದಲು ನಿಮ್ಮ ಉದ್ಯಮವನ್ನೇ ಪರಿಗಣಿಸಲು ಕೂಡ ಅದರಲ್ಲಿ ಅವಕಾಶವಿದೆ. ಆದರೆ ಇದು ಮಾರ್ಗದರ್ಶಿ ನೀತಿ. ನಿಮ್ಮ ಕಾಲೇಜು ಇದನ್ನು ಅಳವಡಿಸಿಕೊಂಡಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪೇಟೆಂಟ್ ಬೇಕೆನಿಸಿದರೆ ಅರ್ಜಿ ಸಲ್ಲಿಸುವ ಮೊದಲು ಯಂತ್ರದ ಒಳಗುಟ್ಟನ್ನು ವಸ್ತುಪ್ರದರ್ಶನದಲ್ಲಿ ಬಿಚ್ಚಿಡಬೇಡಿ.

ಗೆಳೆಯರೊಳಗಿನ ಪಾಲು ಇದಕ್ಕಿಂತ ಸೂಕ್ಷ್ಮ. ಇಬ್ಬರು ಸ್ನೇಹಿತರು ಅರ್ಧ–ಅರ್ಧ ಎಂದು ಕಂಪನಿ ಕಟ್ಟಿದರು ಎನ್ನಿ. ಆರು ತಿಂಗಳಿಗೆ ಒಬ್ಬನಿಗೆ ವಿದೇಶದಲ್ಲಿ ಸೀಟು ಸಿಕ್ಕಿತು, ಹೊರಟುಹೋದ. ಉಳಿದವನು ಐದು ವರ್ಷ ಬೆವರು ಸುರಿಸಿದರೂ ಅರ್ಧ ಕಂಪನಿ ಹೋದವನದೇ! ಇದಕ್ಕೆ ಉದ್ಯಮಿಗಳು ಕಂಡುಕೊಂಡ ದಾರಿಯೆಂದರೆ, ಪಾಲು ಒಮ್ಮೆಗೇ ಕೈಸೇರದೆ ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರುವುದು. ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟವನಿಗೆ ಏನೂ ಇಲ್ಲ. ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ‘ನಮ್ಮಿಬ್ಬರಲ್ಲಿ ಕಾಗದ ಯಾಕೆ?’ ಎನ್ನುವ ಸ್ನೇಹಿತನಿಗೆ ಈ ಪುಟವನ್ನು ತೋರಿಸಿ.

ಮನೆಯವರ ಭಯವನ್ನೂ ಹಗುರವಾಗಿ ಕಾಣಬಾರದು. ಸಾಲ ಮಾಡಿ ಓದಿಸಿದ ತಂದೆಗೆ ಮೊದಲ ಸಂಬಳ ಎಂದರೆ ಬಡ್ಡಿ ನಿಲ್ಲುವ ದಿನ. ಅಂಥ ಮನೆಯ ಹುಡುಗಿ ಅಥವಾ ಹುಡುಗ ಮೊದಲು ಎರಡು ವರ್ಷ ಕೆಲಸ ಮಾಡಿ ಸಾಲ ತೀರಿಸಿದರೆ ಅದು ಹೇಡಿತನವಲ್ಲ. ಏಥರ್‌ನ ಗೆಳೆಯರೂ ಮೊದಲು ಕೆಲಸಕ್ಕೆ ಸೇರಿದವರೇ.

ಐಐಟಿಯೇ ಆಗಬೇಕೆ?

ಆಗಬೇಕಿಲ್ಲ. ಆದರೆ ಅಲ್ಲಿರುವಂತೆ ಎಲ್ಲವೂ ಒಂದೇ ಆವರಣದಲ್ಲಿ ಸಿಗುವುದಿಲ್ಲ, ಹುಡುಕಿಕೊಳ್ಳಬೇಕು. ಶಾಲೆಯ ಮಟ್ಟದಲ್ಲಿ 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಆರರಿಂದ ಹನ್ನೆರಡನೆಯ ತರಗತಿಯವರಿಗೆ. ನಿಮ್ಮ ಶಾಲೆಯಲ್ಲಿ ಅದು ಇದ್ದು, ಮೂರು ಆಯಾಮದ ಮುದ್ರಣಯಂತ್ರ ಪ್ಲಾಸ್ಟಿಕ್ ಹೊದಿಕೆಯೊಳಗೇ ಮಲಗಿದ್ದರೆ, ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿ. ಮೂಲಮಾದರಿ ತಯಾರಿಸಲು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ನಿಧಿ–ಪ್ರಯಾಸ್’ ಯೋಜನೆಯಲ್ಲಿ ಗರಿಷ್ಠ 10 ಲಕ್ಷ ರೂಪಾಯಿಯವರೆಗಿನ ನೆರವಿಗೆ ಅವಕಾಶ ಮಾಡಲಾಗಿದೆ. ಅದು ಇನ್‌ಕ್ಯುಬೇಟರುಗಳ ಮೂಲಕ ಸಿಗುತ್ತದೆ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನಾವೀನ್ಯ ಮತ್ತು ಉದ್ಯಮಶೀಲತೆಗೆಂದೇ ಕೇಂದ್ರವಿದೆ. ಕರ್ನಾಟಕ ಸರ್ಕಾರ 2015ರ ನವೋದ್ಯಮ ನೀತಿಯಡಿ ಬೆಂಗಳೂರಿನ ಹೊರಗಿನ ಕಾಲೇಜುಗಳಲ್ಲಿ ‘ನೈನ್’ ಎಂಬ ಹೆಸರಿನ ಪರಿಪೋಷಣಾ ಜಾಲವನ್ನು ಆರಂಭಿಸಿ, ವಿದ್ಯಾರ್ಥಿಗಳ ಒಂದೊಂದು ಯೋಜನೆಗೆ 3 ಲಕ್ಷ ರೂಪಾಯಿವರೆಗೆ ಒದಗಿಸುವ ಏರ್ಪಾಡು ಮಾಡಿತು.

ಇವೆಲ್ಲಕ್ಕಿಂತ ಹಳೆಯದು, ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟು ಕಾರ್ಯಕ್ರಮ. 1977ರಿಂದ ನಡೆದು ಬಂದಿದೆ. ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಹಣದ ನೆರವು ಕೊಡುತ್ತದೆ, ಮೊತ್ತ ಸಣ್ಣದು. ಅರ್ಜಿ ಹೋಗಬೇಕಾದದ್ದು ಕಾಲೇಜಿನ ಮೂಲಕ, ಮಾರ್ಗದರ್ಶಕರ ಸಹಿಯೊಡನೆ. ಆಯ್ದ ಪ್ರಾಜೆಕ್ಟುಗಳ ವಿಚಾರ ಸಂಕಿರಣ ಮತ್ತು ಪ್ರದರ್ಶನ ವರ್ಷಕ್ಕೊಮ್ಮೆ ರಾಜ್ಯದ ಯಾವುದಾದರೊಂದು ಕಾಲೇಜಿನಲ್ಲಿ ನಡೆಯುತ್ತದೆ. ನಿಮ್ಮ ಊರಿನ ಹತ್ತಿರ ನಡೆದಾಗ, ನೀವಿನ್ನೂ ಪಿಯುಸಿಯಲ್ಲಿದ್ದರೂ ಸರಿ, ಬಸ್ಸು ಹತ್ತಿ ಹೋಗಿ ಬನ್ನಿ. ಅಡಿಕೆ ಸುಲಿಯುವ ಯಂತ್ರವೋ, ನೀರಿನ ಪಂಪಿನ ನಿಯಂತ್ರಕವೋ ಇಟ್ಟುಕೊಂಡು ನಿಂತಿರುವ ಅಣ್ಣ ಅಕ್ಕಂದಿರನ್ನು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ. ಆಮೇಲೆ, ಇದನ್ನು ಕಟ್ಟುವ ಮೊದಲು ಎಷ್ಟು ಜನ ರೈತರನ್ನು ಮಾತನಾಡಿಸಿದ್ದಿರಿ ಎಂದೂ ಕೇಳಿ.